ಹುಬ್ಬಳ್ಳಿ ಡಿಗ್ರಿ, ಪುಣೆ ಕ್ಲಿನಿಕ್, ಮತ್ತ ಒಂದು ಕೇಸ್ ಪೇಪರ್

ಊರ ಕಡೆಯಿಂದ ಜೂನಿಯರ್ ಯಾರರ ಪುಣೆಗೆ ಬರೋದಿದ್ರ ನನಗ ಫೋನ್ ಹಚ್ತಾರ, ಕೇಳೋದು ಒಂದೇ ಮಾತು, ಅಕ್ಕಾ ನಮ್ಮ ಕೆಎಂಸಿ ರಿಜಿಸ್ಟ್ರೇಷನ್ ಮ್ಯಾಲೆ ಅಲ್ಲಿ ಕ್ಲಿನಿಕ್ ತೆಗೀಬಹುದಾ. ಇಲ್ಲವ್ವಾ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಿಂದ ಎನ್‌ಒಸಿ ತಗೊಂಡು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನಾಗ ಹೆಸರು ಹಚ್ಚಬೇಕು, ಎಂಎಂಸಿ ನಂಬರ್ ಬಂದಮ್ಯಾಲೇ ಬೋರ್ಡು. (ಹುಬ್ಬಳ್ಳಿ ಆಟೋದವ್ರಿಗೆ ಕೆಎಂಸಿ ಅಂದ್ರ ಈಗೂ ವಿದ್ಯಾನಗರದ ಮೆಡಿಕಲ್ ಕಾಲೇಜ್ ದವಾಖಾನಿನೇ. ಎನ್‌ಒಸಿ ಕೆಎಂಸಿಯಿಂದ ತರಬೇಕು ಅಂದಾಗ ನಮ್ಮಪ್ಪ ಸೀದಾ ವಿದ್ಯಾನಗರಕ್ಕ ಹೋಗಿ ನಿಂತಿದ್ರು, ಕೌನ್ಸಿಲ್ ಇರೋದು ಬೆಂಗಳೂರಾಗ.)

ನಾನು ಬಂದಿದ್ದು 2017ರಾಗ, ಮನಿಯವರಿಗೆ ಹಿಂಜೆವಾಡಿಯೊಳಗ ಕೆಲಸ ಸಿಕ್ಕಿತ್ತು. ನನ್ನ ಫೈಲ್ ಒಮ್ಮೆ ವಾಪಸ್ ಬಂತು, ತಪ್ಪು ನನ್ನದೇ, ಡಿಗ್ರಿ ಮ್ಯಾಲೆ ತವರಮನಿ ಹೆಸರು, ಆಧಾರ್ ಮ್ಯಾಲೆ ಗಂಡನ ಮನಿ ಅಡ್ಡಹೆಸರು, ಎರಡೂ ನಾನೇ ಅನ್ನೋದಕ್ಕ ಕಾಗದ ಹಚ್ಚಿರಲಿಲ್ಲ. ಮದುವಿ ಸರ್ಟಿಫಿಕೇಟ್ ಅಫಿಡವಿಟ್ ಎಲ್ಲಾ ಮಾಡಿಸ್ಕೊಂಡು ಮತ್ತ ಮುಂಬೈಗೆ ಓಡಿದ್ದೆ. ನಂಬರ್ ಒಮ್ಮೆ ಬಂತು ಅಂದ್ರ ಮುಗೀತು ಅಂತನೂ ತಿಳ್ಕೋಬ್ಯಾಡ್ರಿ, ಇಲ್ಲಿ 5 ವರ್ಷಕ್ಕೊಮ್ಮೆ ರಿನ್ಯೂವಲ್ ಅದ, ಅಷ್ಟರೊಳಗ ಸಿಎಂಇ, ಅಂದ್ರ ಡಾಕ್ಟರಿಗೆ ಹೊಸದು ಕಲಿಸೋ ಕ್ಲಾಸು, ಕೂತು 30 ಕ್ರೆಡಿಟ್ ಪಾಯಿಂಟ್ ಕೂಡಿಸಬೇಕು. ನಾನು ಮೊದಲ ಸಲ ಕಡೀ ವರ್ಷದಾಗ ಎದ್ದು ಬಿದ್ದು ಕೂಡಿಸೀನಿ, ರವಿವಾರ ಬಂದ್ರ ಸಾಕು ಯಾವುದೋ ಹೋಟೆಲ್ ಹಾಲ್‌ನಾಗ ಶುಗರ್ ಬಗ್ಗೆ ಭಾಷಣ.

ಕ್ಲಿನಿಕ್ ತೆಗೆದಿದ್ದು ಥೇರಗಾವ್‌ನಾಗ, ಒಂದು ಗಾಳಾ, ಅಂದ್ರ ಅಂಗಡಿ ಖೋಲಿ. ಕರ್ನಾಟಕದಾಗ ಒಂದೇ ರೂಮಿನ ಕ್ಲಿನಿಕ್ಕಿಗೂ ಕೆಪಿಎಂಇ ರಿಜಿಸ್ಟ್ರೇಷನ್ ಬೇಕು, ಖಾಸಗಿ ದವಾಖಾನಿಗಳ 2007ರ ಕಾಯ್ದೆ. ಮಹಾರಾಷ್ಟ್ರದಾಗ ಇರೋದು 1949ರ ನರ್ಸಿಂಗ್ ಹೋಮ್ ಕಾಯ್ದೆ, ಅದು ಪೇಷಂಟ್‌ನ ಮಲಗಿಸಿಕೊಂಡು ಆರೈಕೆ ಮಾಡೋ ಜಾಗಕ್ಕ. ನನ್ನ ಹತ್ರ ಬರೋರು ಅರ್ಧಕ್ಕರ್ಧ ಕಲಬುರ್ಗಿ, ಯಾದಗಿರಿ, ವಿಜಯಪುರ ಕಡೆ ಮಂದಿ, ಬಿಲ್ಡಿಂಗ್ ಕೆಲಸದವ್ರು, ಜ್ವರ ಬಂದ್ರ ಗುಳಿಗಿ ಬ್ಯಾಡ ಒಂದು ಸಲಾಯಿನ್ ಹಚ್ಚಿಬಿಡ್ರಿ ಅಂತ ಕೂತ ಬಿಡ್ತಾರ. ನಾನೂ ಎರಡು ಕಾಟ್ ತಂದು ಹಾಕೋಣ ಅಂತ ಲೆಕ್ಕ ಹಾಕಿದ್ದೆ, ಬಾಜೂಕಿನ ಸೀನಿಯರ್ ಡಾಕ್ಟರ್ ಒಬ್ರು ತಡದ್ರು, ಬೆಡ್ ಹಾಕಿದಿ ಅಂದ್ರ ಆ ಕಾಯ್ದೆ ನಿನ್ನ ಬಾಗಿಲಿಗೆ ಬಂತು ತಿಳ್ಕೋ ಅಂತ. ಕಾಟ್ ಕ್ಯಾನ್ಸಲ್.

ಬೋರ್ಡಿನ ಮ್ಯಾಲೆ ಮರಾಠಿ, ಕೆಳಗ ಕನ್ನಡ. ದೇವನಾಗರಿ ಅಕ್ಷರ ಬ್ಯಾರೆ ಲಿಪಿಗಿಂತ ಸಣ್ಣದು ಇರಬಾರದು ಅಂತ 2022ರಾಗ ರೂಲ್ ಆತು, ನನ್ನ ಪೇಂಟರ್ ಅದಕ್ಕೂ ಮೊದ್ಲೇ ಕನ್ನಡನ ಇರುವೆ ಸಾಲಿನಂಗ ಬರದಿದ್ದ, ಹಿಂಗಾಗಿ ಮತ್ತ ಬರೆಸೋ ಖರ್ಚು ಉಳೀತು.

ಕಚರಾದ ವಿಷಯಕ್ಕ ಬರ್ತೀನಿ, ಯಾಕಂದ್ರ ಇದ್ರಾಗ ನಾನು ಎಡವೀನಿ. 2016ರ ಬಯೋಮೆಡಿಕಲ್ ವೇಸ್ಟ್ ರೂಲ್ಸ್ ಪ್ರಕಾರ ಬೆಡ್ ಇಲ್ಲದ ಕ್ಲಿನಿಕ್ಕಿಗೂ ಪೊಲ್ಯೂಷನ್ ಬೋರ್ಡಿನ ಆಥರೈಸೇಷನ್ ಬೇಕು, ಒಂದೇ ಸಲ ತಗೊಂಡ್ರ ಸಾಕು. ಅರಿವಿ ಹತ್ತಿ ಹಳದಿ ಚೀಲಕ್ಕ, ಸಿರಿಂಜ್ ಸಲಾಯಿನ್ ಪೈಪ್ ಕೆಂಪಕ್ಕ, ಗಾಜು ನೀಲಿಗೆ, ಸೂಜಿ ಬಿಳಿ ಡಬ್ಬಿಗೆ, 48 ತಾಸಿಗಿಂತ ಹೆಚ್ಚು ಇಟ್ಕೋಬಾರದು. ಎಲ್ಲಾ ಗೊತ್ತಿತ್ತು, ಗ್ವಾಡಿ ಮ್ಯಾಲೆ ಚಾರ್ಟೂ ಇತ್ತು, ಇಂಗ್ಲಿಷ್‌ನಾಗ. ಕ್ಲಿನಿಕ್ ಗುಡಿಸೋ ನಮ್ಮ ಮಾವಶಿಗೆ ಇಂಗ್ಲಿಷ್ ಎಲ್ಲಿ ಬರ್ತದ. ಒಂದಿನ ಟೇಬಲ್ ಕೆಳಗ ಬಿದ್ದಿದ್ದ ಸೂಜಿ ಕಸದ ಜೋಡಿ ಗುಡಿಸಿ ಸಾದಾ ಡಬ್ಬಿಗೆ ಹಾಕ್ಯಾಳ, ಮರುದಿನ ಮುಂಜಾನಿ ಕಚರಾ ಒಯ್ಯೋ ಹೆಣ್ಮಗಳು ಬಾಗಿಲಾಗ ನಿಂತು ಬೆರಳು ತೋರಸಾಕತ್ತಿದ್ಳು, ಸಿಟ್ಟೂ ಇಲ್ಲ ಏನಿಲ್ಲ, ‘ಬಾಯೀ, ಸುಯೀ ಲಾಗಲೀ’, ಬಾಯಾರ ಸೂಜಿ ಚುಚ್ಚೇತಿ ಅಂತ ಅಷ್ಟೇ. ಯಾರಿಗೆ ಹಾಕಿದ ಸೂಜಿ ಅಂತನೂ ಹೇಳಾಕ ಬರಂಗಿಲ್ಲ. ಸಾಬೂನು ಹಚ್ಚಿ ತೊಳಿಸಿ ರಿಕ್ಷಾದಾಗ ಸರ್ಕಾರಿ ದವಾಖಾನಿಗೆ ಕರ್ಕೊಂಡ ಹೋದೆ, ಎಚ್‌ಐವಿ ತಡಿಯೋ ಗುಳಿಗಿ 72 ತಾಸಿನೊಳಗ ಶುರು ಆಗಬೇಕು, ಎಷ್ಟು ಲಗೂ ಅಷ್ಟು ಚಲೋ. ಹೆಪಟೈಟಿಸ್ ಬಿ ಲಸಿ ಹಾಕಿಸಿದ್ವಿ. ಆಮ್ಯಾಲಿನ ಟೆಸ್ಟ್ ಎಲ್ಲಾ ನೆಗೆಟಿವ್ ಬಂದ್ವು, ಕಡೀ ರಿಪೋರ್ಟ್ ಬರೋತನಕ ನನಗ ಸರಿ ನಿದ್ದಿ ಇಲ್ಲ. ಕಸ ಮುಟ್ಟೋ ಕೆಲಸದವ್ರಿಗೆ ಹೆಪಟೈಟಿಸ್ ಬಿ, ಧನುರ್ವಾಯು ಲಸಿ ಹಾಕಿಸೋದು ಅದೇ ರೂಲ್ಸ್‌ನಾಗ ಬರದದ್ದು ಅದ, ನಮ್ಮ ಮಾವಶಿಗೂ ನಾನು ಹಾಕಿಸಿರಲಿಲ್ಲ. ಈಗ ಚಾರ್ಟ್ ಮರಾಠಿಯೊಳಗ ಅದ, ಆಕಿನೇ ಬರೆಸ್ಯಾಳ.

ಸರ್ಟಿಫಿಕೇಟ್ ಕಾಟ ಬ್ಯಾರೆ. ಫ್ಯಾಕ್ಟರಿ ಹುಡುಗರು, ಕಂಪ್ಯೂಟರ್ ಹುಡುಗರು, ಎಲ್ಲಾರದೂ ಒಂದೇ ಪಾಠ, ಡಾಕ್ಟ್ರೇ ಮೊನ್ನಿ ತಾರೀಖು ಹಾಕ್ಕೊಡ್ರಿ. ಸುಳ್ಳು ಸರ್ಟಿಫಿಕೇಟ್ ಕೊಟ್ರ ಕೌನ್ಸಿಲ್ ರಿಜಿಸ್ಟರ್‌ನಿಂದ ಹೆಸರು ತಗೀಬಹುದು, 2002ರ ಎಥಿಕ್ಸ್ ರೆಗ್ಯುಲೇಷನ್. ಅದ್ರಾಗೇ ಸರ್ಟಿಫಿಕೇಟಿಗೆ ಒಂದು ರಿಜಿಸ್ಟರ್ ಇಡಬೇಕು, ಪೇಷಂಟ್ ಮೈಮ್ಯಾಲಿನ ಗುರುತು ಬರೀಬೇಕು, ಸಹಿ ಇಲ್ಲಾ ಹೆಬ್ಬೆಟ್ಟು ತಗೋಬೇಕು ಅಂತನೂ ಅದ. ರಿಜಿಸ್ಟರ್ ತಗದು ಎಲ್ಲಿ ಮಚ್ಚಿ ತೋರಸ್ರಿ ಅಂದ್ರ ಅರ್ಧ ಮಂದಿ ಎದ್ದು ಹೋಗ್ತಾರ.

ಆದ್ರ ನನಗ ಖರೇ ಬುದ್ಧಿ ಬಂದಿದ್ದು ಕೇಸ್ ಪೇಪರ್‌ನಿಂದ, ಅಂದ್ರ ಪೇಷಂಟ್‌ನ ತ್ರಾಸ, ಔಷಧ ಬರದಿಡೋ ಕಾಗದದಿಂದ. ವಿಜಯಪುರ ಕಡೆ ಒಬ್ಬ ಗೌಂಡಿ, ಎದಿ ಉರೀತದ ಅಂತ ಬಂದಿದ್ದ, ಇಸಿಜಿ ತಗಸು ಮಾರಾಯಾ ಅಂತ ಎರಡೆರಡು ಸಲ ಹೇಳೀನಿ, ನಾಳೆ ಪಗಾರ ಆಗ್ತದ ನಾಳೆ ಬರ್ತೀನ್ರಿ ಅಂತ ಹೋದ. ಬರಲಿಲ್ಲ. ಸುಮಾರು ದಿನ ಆದಮ್ಯಾಲೆ ಅವನ ತಮ್ಮ ಬಂದು ಅಣ್ಣ ಹೋಗಿಬಿಟ್ಟ, ಕಾಗದ ಇದ್ರ ಕೊಡ್ರಿ ಅಂದ. ರೆಕಾರ್ಡ್ ಕೇಳಿದ್ರ 72 ತಾಸಿನೊಳಗ ಕೊಡಬೇಕು, ನಾನು ಆವಾಗೇ ಝೆರಾಕ್ಸ್ ಮಾಡಿಸಿ ಕೊಟ್ಟೆ. ಆ ಹುಡುಗ ಅಲ್ಲೇ ನಿಂತು ನೋಡಿದ, ಬಿಪಿ ನಂಬರ್, ಎರಡು ಗುಳಿಗಿ ಹೆಸರು, ಕೆಳಗ ‘ಇಸಿಜಿ’ ಅಂತ ಒಂದೇ ಶಬ್ದ. ಅಕ್ಕಾರ, ನೀವು ಅಣ್ಣಗ ಹೇಳಿದ್ದು ಇದ್ರಾಗ ಎಲ್ಲಿ ಅದ ಅಂದ. ಜಗಳಕ್ಕ ಬಂದವನಲ್ಲ ಅಂವ. 1995ರಿಂದ ರೊಕ್ಕ ತಗೊಂಡು ಮಾಡೋ ವೈದ್ಯಕೀ ಕನ್ಸ್ಯೂಮರ್ ಕೋರ್ಟಿನೊಳಗ ಬರ್ತದ, ಬ್ಯಾರೆ ಯಾರರ ಇದ್ರ ಅಲ್ಲಿ ನಿಂದ್ರಸ್ತಿದ್ರು, ಮತ್ತ ನನ್ನ ಕೈಯಾಗ ಆ ಒಂದು ಶಬ್ದ ಬಿಟ್ರ ಏನೂ ಇರ್ತಿರಲಿಲ್ಲ.

ಅವತ್ತಿಂದ ಪೇಷಂಟ್ ಬ್ಯಾಡ ಅಂದ್ರ ಬ್ಯಾಡ ಅಂದಿದ್ದನ್ನ ಅವನ ಭಾಷಾದಾಗೇ ಬರದು, ಓದಿ ಹೇಳಿ, ಸಹಿ ತಗೋತೀನಿ, ತಾರೀಖು ಟೈಮ್ ಹಾಕಿ. ಹೋದ ತಿಂಗಳು ಅಫಜಲಪುರದವ ಒಬ್ಬ ಬಂದಿದ್ದ, ಸೇಮ್ ಎದಿ ಉರಿ, ಇಸಿಜಿ ಬ್ಯಾಡ್ರಿ ಅಂದ. ಸರಿ ಅಂತ ಬರದೆ, ಓದಿದೆ, “ಇದು ಹಾರ್ಟಿನ ತ್ರಾಸ ಇರಬಹುದು, ಜೀವಕ್ಕ ಅಪಾಯ ಅದ ಅಂತ ಡಾಕ್ಟರು ಹೇಳ್ಯಾರ, ಆದ್ರೂ ನನಗ ಬ್ಯಾಡ.” ಪೆನ್ ಹಿಡದಂವ ಒಂದು ಘಳಿಗಿ ಕೂತ, ಆಮ್ಯಾಲೆ ಪೆನ್ ಟೇಬಲ್ ಮ್ಯಾಲಿಟ್ಟು, ಹಂಗಾರ ತಗದ ಬಿಡ್ರಿ ಅಂದ. ಇಸಿಜಿ ನಾರ್ಮಲ್ ಬಂತು, ಬರೇ ಆ್ಯಸಿಡಿಟಿ. ಮುನ್ನೂರು ರೂಪಾಯಿ ಸುಮ್ಮನ ಹೋದ್ವು ಅಂತ ಗೊಣಗ್ತಾ ಹೋದ.