ಹಾಯಿಕಂಬ ಇಳಿಸದೆ ನೆದರ್ಲೆಂಡ್ಸ್ ದಾಟುವುದು ಹೇಗೆ?

ಹಾಯಿದೋಣಿ ಊರೊಳಗಿನ ಕಾಲುವೆಗೆ ಬಂದರೆ ಸೇತುವೆಗೆ ಕಂಬ ತಾಗುತ್ತದೆ. ಫ್ರಾನ್ಸಿನ ಕನಾಲ್ ದು ಮಿದಿಯಂಥ ಕಾಲುವೆಗಳಲ್ಲಿ ಕಂಬ ಕಳಚಿ ಡೆಕ್ ಮೇಲೆ ಮಲಗಿಸಿಯೇ ಸಾಗಬೇಕು. ನೆದರ್ಲೆಂಡ್ಸ್‌ನಲ್ಲಿ ಮಾತ್ರ ದಕ್ಷಿಣದ ವ್ಲಿಸಿಂಗೆನ್‌ನಿಂದ ಉತ್ತರದ ಡೆಲ್ಫ್‌ಝೈಲ್‌ವರೆಗೆ ಕಂಬ ನಿಂತಂತೆಯೇ ಹೋಗುವ ದಾರಿಯಿದೆ. ಅದರ ಹೆಸರೇ ‘ಸ್ಟಾಂಡೆ ಮಾಸ್ಟ್‌ರೂಟ್’, ನಿಂತ ಕಂಬದ ದಾರಿ. ಅಲ್ಲಿನ ತಗ್ಗು ಸೇತುವೆಗಳು ನಿಮಗಾಗಿ ತೆರೆದುಕೊಳ್ಳುತ್ತವೆ.

ಮೊದಲು ಅಳತೆ. ನೀರಿನ ಮಟ್ಟದಿಂದ ಆಂಟೆನಾ ತುದಿವರೆಗೆ ಎಷ್ಟು ಎತ್ತರ, ದೋಣಿ ನೀರಿನೊಳಗೆ ಎಷ್ಟು ಮುಳುಗುತ್ತದೆ? ಎರಡನ್ನೂ ಬರೆದು ಚುಕ್ಕಾಣಿಯ ಹತ್ತಿರ ಅಂಟಿಸಿ. ದೋಣಿ 15 ಮೀಟರ್‌ಗಿಂತ ಉದ್ದವಿದ್ದರೆ, ಇಲ್ಲವೇ ಗಂಟೆಗೆ 20 ಕಿ.ಮೀ. ಮೀರಿ ಓಡಬಲ್ಲದಾದರೆ ಪರವಾನಗಿ ಬೇಕು. ಎಂಜಿನ್ ಪರೀಕ್ಷಿಸಿ, ಈ ದಾರಿಯಲ್ಲಿ ಹಾಯಿಗಿಂತ ಅದಕ್ಕೇ ಕೆಲಸ ಜಾಸ್ತಿ.

ಇನ್ನು ದಿನಗಳ ಲೆಕ್ಕ. ಎಲ್ಲರೂ ತಪ್ಪುವುದು ಇಲ್ಲೇ: ನಕ್ಷೆಯಲ್ಲಿ ದೂರ ಅಳೆದು ದಿನಕ್ಕಿಷ್ಟು ಎಂದು ಹಂಚಿಬಿಡುತ್ತಾರೆ. ಹಾಗೆ ಮಾಡಬೇಡಿ. ದಾರಿಯಲ್ಲಿ ಅತಿ ಹಟದ ಸೇತುವೆ ಯಾವುದೆಂದು ಹುಡುಕಿ, ಅದು ತೆರೆಯುವ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಸಣ್ಣ ಸೇತುವೆಯವರು ರೇಡಿಯೊದಲ್ಲಿ ಕೇಳಿದರೆ ಸಾಮಾನ್ಯವಾಗಿ ತೆರೆಯುತ್ತಾರೆ. ಹೆದ್ದಾರಿಯ ಸೇತುವೆಗಳು ಆಫೀಸಿನ ಹೊತ್ತಿನ ದಟ್ಟಣೆಯಲ್ಲಿ ಜಗ್ಗುವುದಿಲ್ಲ. ಗೌಡಾ ಊರಿನಂಥ ರೈಲು ಸೇತುವೆಗಳು ರೈಲಿನ ವೇಳಾಪಟ್ಟಿಗೆ ಕಟ್ಟುಬಿದ್ದಿವೆ. ಒಂದು ಸಲ ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕು.

ಎಲ್ಲಕ್ಕಿಂತ ಹಟದ್ದು ಆಮ್‌ಸ್ಟರ್‌ಡ್ಯಾಮ್. ಅಲ್ಲಿನ ರೈಲು ಸೇತುವೆಗಳು ರಾತ್ರಿ ಮಾತ್ರ ತೆರೆಯುತ್ತವೆ. ಉತ್ತರಕ್ಕೆ ಹೋಗುವವರು ಸಂಜೆಯೇ ನಗರದ ದಕ್ಷಿಣದ ನ್ಯೂವೆ ಮೇರ್ ಸರೋವರದಲ್ಲಿ ಸೇರಿ, ನಡುರಾತ್ರಿ ಸಾಲಾಗಿ ಹೊರಡುತ್ತಾರೆ. ಪಕ್ಕದ ಆಮ್‌ಸ್ಟೆಲ್‌ವೇನ್‌ನ ಕನ್ನಡಿಗರು ಈ ಸರೋವರದ ದಂಡೆಯಲ್ಲಿ ಅಡ್ಡಾಡಿರುತ್ತಾರೆ. ಹೊರಡುವ ದಿನದ ವೇಳೆಯನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಮಧ್ಯಾಹ್ನ ಮಲಗಿ ನಿದ್ದೆ ತೀರಿಸಿಕೊಳ್ಳಿ, ದೀಪಗಳನ್ನು ಪರೀಕ್ಷಿಸಿ, ಮುಂದಿನ ದೋಣಿಯಿಂದ ತೀರಾ ಹಿಂದೆ ಬೀಳಬೇಡಿ. ನಿದ್ರಿಸುವ ನಗರದ ನಡುವೆ ರಸ್ತೆಗಳೇ ಎದ್ದು ದಾರಿ ಬಿಡುವುದನ್ನು ನೋಡಲಿಕ್ಕಾದರೂ ಆ ರಾತ್ರಿ ಎಚ್ಚರವಿರಬೇಕು.

ಅದಕ್ಕೂ ಮುಂಚೆ ಸ್ಕಿಪೋಲ್ ವಿಮಾನ ನಿಲ್ದಾಣದ ಪಕ್ಕ ಹಾಯುವಾಗ ಒಮ್ಮೆ ಸುತ್ತ ನೋಡಿ. 1852ರಲ್ಲಿ ನೀರು ಬತ್ತಿಸಿದ ಸರೋವರದ ತಳವೇ ಈಗ ರನ್‌ವೇ. ನಿಮ್ಮ ದೋಣಿ ವಿಮಾನ ಓಡುವ ನೆಲಕ್ಕಿಂತ ಎತ್ತರದಲ್ಲಿ ತೇಲುತ್ತಿರುತ್ತದೆ!

ಸೇತುವೆಯ ದೀಪಗಳನ್ನು ಬಾಯಿಪಾಠ ಮಾಡಿ. ಕೆಂಪು ಎಂದರೆ ನಿಲ್ಲಿ. ಕೆಂಪಿನ ಜೊತೆ ಹಸಿರು ಬಂದರೆ ಸೇತುವೆ ತೆರೆಯಲಿದೆ, ಸಿದ್ಧರಾಗಿ. ಹಸಿರೊಂದೇ ಇದ್ದರೆ ಹೋಗಿ. ಒಂದರ ಮೇಲೊಂದು ಎರಡು ಕೆಂಪು ಕಂಡರೆ ಸೇತುವೆ ಸೇವೆಯಲ್ಲಿಲ್ಲ. ದಡಕ್ಕೆ ಕಟ್ಟಿ ಚಹಾ ಕಾಯಿಸಿ. ಕಾಯುವಾಗ ಬೆನ್ನಿಗೆ ಗಾಳಿಯಿದ್ದರೆ ಸೇತುವೆಯಿಂದ ದೂರವೇ ನಿಲ್ಲಿ, ದೋಣಿ ತಾನಾಗಿ ಮುಂದಕ್ಕೆ ಜಾರುತ್ತದೆ.

ಚಿಲ್ಲರೆ ನಾಣ್ಯಗಳನ್ನೂ ಕೈಗೆಟುಕುವಂತೆ ಇಡಿ. ಉತ್ತರದ ಫ್ರೀಸ್‌ಲಾಂಡ್ ಪ್ರಾಂತ್ಯದ ಕೆಲವೆಡೆ ಸೇತುವೆ ಕಾಯುವವರು ಗಾಳದ ಕೋಲಿಗೆ ಮರದ ಪಾದರಕ್ಷೆ ಕಟ್ಟಿ ಕೆಳಗಿಳಿಸುತ್ತಾರೆ. ದೋಣಿ ನಿಲ್ಲಿಸದೆಯೇ ಸುಂಕವನ್ನು ಅದರೊಳಗೆ ಹಾಕಬೇಕು.