ಹೋದವರ ವಿಳಾಸ ಊರಲ್ಲಿ ಉಳಿಯಲಿ

ಸುಗ್ಗಿ ಮುಗಿಯುತ್ತಿದ್ದಂತೆ ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳಲ್ಲಿ ನಸುಕಿನಲ್ಲೇ ಕ್ರೂಸರ್ ಗಾಡಿಗಳು ಬಂದು ನಿಲ್ಲುತ್ತವೆ. ಹಾಸಿಗೆ, ಪಾತ್ರೆ, ರೊಟ್ಟಿ ಗಂಟು ಕಟ್ಟಿಕೊಂಡು ಜನ ಗೋವಾಕ್ಕೋ ಮಂಗಳೂರಿಗೋ ಗುಳೆ ಹೊರಡುತ್ತಾರೆ. ದುಡಿಯಲು ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ಎರಡು ತಿಂಗಳು ಬಿಟ್ಟು ಆ ಗಾಡಿ ಯಾರದು, ಎಲ್ಲಿಗೆ ಹೋಯಿತು ಎಂದು ಕೇಳಿ ನೋಡಿ. ಊರಲ್ಲಿ ಹೇಳುವವರು ಸಿಗುವುದಿಲ್ಲ. ಮನುಷ್ಯರನ್ನು ಸಾಗಿಸಿ ಮಾರುವವರು ನೆಚ್ಚಿಕೊಂಡಿರುವುದು ಇದನ್ನೇ.

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಶಿಕ್ಷಕಿಯಾಗಿದ್ದಾಗ, ಎಂಟನೇ ಇಯತ್ತೆಯ ಹುಡುಗಿಯೊಬ್ಬಳು ದಸರಾ ರಜೆ ಮುಗಿದರೂ ಶಾಲೆಗೆ ಬರಲಿಲ್ಲ. ಮನೆಗೆ ಹೋದೆ. ‘ಚಿಗವ್ವನ ಊರಿಗಿ ಹೋಗ್ಯಾಳ್ರೀ ಅಕ್ಕೋರ, ಬರ್ತಾಳ’ ಅಂದರು. ಯಾವ ಚಿಗವ್ವ, ಯಾವ ಊರು ಎಂದು ನಾನು ಕೇಳಲಿಲ್ಲ. ಮನೆಗೆಲಸಕ್ಕೆಂದು ಅವಳನ್ನು ಯಾವುದೋ ದೊಡ್ಡ ಶಹರಕ್ಕೆ ಕಳಿಸಿದ್ದರು ಎಂಬುದು ಗೊತ್ತಾಗುವ ಹೊತ್ತಿಗೆ ವಾರ್ಷಿಕ ಪರೀಕ್ಷೆ ಮುಗಿದಿತ್ತು. ಅಂದು ಕೇಳದೆ ಬಿಟ್ಟ ಆ ಎರಡು ಪ್ರಶ್ನೆಗಳನ್ನು ಊರಿಗೆ ಊರೇ ಸೇರಿ ಕೇಳುವುದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಒಂದು ಮಾತು. ಬೆದರಿಕೆ, ಬಲವಂತ, ಮೋಸ ಅಥವಾ ಹಣದ ಆಮಿಷದಿಂದ ಒಬ್ಬರನ್ನು ಶೋಷಣೆಗಾಗಿ ಸೇರಿಸುವುದು, ಸಾಗಿಸುವುದು, ಇಟ್ಟುಕೊಳ್ಳುವುದು ಎಲ್ಲವೂ ಮಾನವ ಕಳ್ಳಸಾಗಣೆಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಪ್ರಕಾರ ಇದಕ್ಕೆ ಕನಿಷ್ಠ 7 ವರ್ಷ ಕಠಿಣ ಶಿಕ್ಷೆ. ಮಗುವಾದರೆ ಕನಿಷ್ಠ 10 ವರ್ಷ, ಜೀವಾವಧಿಯವರೆಗೂ ಹೋಗಬಹುದು. ‘ಅವಳೇ ಒಪ್ಪಿ ಬಂದಾಳ’ ಎಂಬ ಸಬೂಬು ನಡೆಯುವುದಿಲ್ಲ. ಬಲಿಯಾದವರ ಒಪ್ಪಿಗೆ ಲೆಕ್ಕಕ್ಕಿಲ್ಲ ಎಂದು ಕಲಮೇ ಹೇಳುತ್ತದೆ.

ಯಾರು ಕೂಡಬೇಕು?

ದೊಡ್ಡ ಸಮಿತಿ ಮಾಡಿ ಬ್ಯಾನರ್ ಕಟ್ಟುವುದು ಬೇಡ. ಏಳೆಂಟು ಜನ ಸಾಕು. ಅಂಗನವಾಡಿ ಕಾರ್ಯಕರ್ತೆ, ಆಶಾ, ಶಾಲೆಯ ಹೆಡ್‌ಮಾಸ್ತರು, ಸ್ತ್ರೀಶಕ್ತಿ ಸಂಘದ ಇಬ್ಬರು, ಪಂಚಾಯಿತಿ ಸದಸ್ಯರೊಬ್ಬರು. ಇವರ ಜೊತೆ ಟಂಟಂ ಓಡಿಸುವವರನ್ನೂ ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯವರನ್ನೂ ಮರೆಯದೆ ಕರೆಯಿರಿ. ಊರಿಗೆ ಹೊಸಬರು ಬಂದದ್ದು, ಹೊತ್ತಲ್ಲದ ಹೊತ್ತಿನಲ್ಲಿ ಯಾರೋ ಹೊರಟದ್ದು ಎಲ್ಲರಿಗಿಂತ ಮೊದಲು ಕಾಣುವುದು ಅವರಿಗೇ. ಗುಳೆ ಹೋಗಿ ಬಂದ ಅನುಭವಿ ಹೆಣ್ಣುಮಗಳೊಬ್ಬಳು ಇದ್ದರಂತೂ ಕೂಲಿಗೆ ಕರೆದೊಯ್ಯುವ ಮೇಸ್ತ್ರಿಗಳ ಮಾತಿನ ಒಳಸುಳಿ ಅವಳೇ ಬಿಡಿಸಿ ಹೇಳುತ್ತಾಳೆ. ಬೀಟ್ ಪೊಲೀಸರ ನಂಬರ್ ಎಲ್ಲರ ಫೋನಿನಲ್ಲಿರಲಿ.

ಇನ್ನೂರು ಪುಟದ ಒಂದು ನೋಟ್‌ಬುಕ್

ಈ ಕೆಲಸದ ಜೀವಾಳ ಇದು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಇಷ್ಟು ಬರೆಯಿರಿ: ಹೋಗುವವರ ಹೆಸರು, ವಯಸ್ಸು; ಹೋಗುವ ಊರು, ಕೆಲಸದ ಜಾಗ; ಕರೆದೊಯ್ಯುವವರ ಹೆಸರು, ಫೋನ್, ಅವರ ಸ್ವಂತ ಊರು; ಗಾಡಿ ನಂಬರ್; ಕೊಟ್ಟ ಮುಂಗಡ ಎಷ್ಟು; ಯಾವಾಗ ವಾಪಸ್. ಮೇಸ್ತ್ರಿಯ ಗುರುತಿನ ಚೀಟಿಯದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಖರೇ ಕೆಲಸ ಕೊಡುವವರು ಇದಕ್ಕೆ ಬೇಸರ ಪಡುವುದಿಲ್ಲ. ‘ಇದೆಲ್ಲಾ ಯಾಕ ಬೇಕ್ರೀ ನಿಮಗ’ ಎಂದು ಸಿಡುಕುವವರಿದ್ದರೆ ಅಲ್ಲೇ ನಿಲ್ಲಿಸಿ ಇನ್ನಷ್ಟು ವಿಚಾರಿಸಿ.

ಹೊರಡುವವರು ಒಂದು ಫೋನ್ ನಂಬರ್ ಬಾಯಿಪಾಠ ಮಾಡಿಕೊಳ್ಳಲಿ. ಸಾಗಣೆದಾರರು ಮೊದಲು ಕಸಿದುಕೊಳ್ಳುವುದೇ ಮೊಬೈಲ್. ‘ಅಜ್ಜಿಗೆ ಆರಾಮ ಇಲ್ಲೇನು?’ ಎಂಬಂಥ ಒಂದು ಸಂಕೇತದ ಮಾತನ್ನೂ ಮನೆಯವರು ಗೊತ್ತು ಮಾಡಿಕೊಂಡಿರಲಿ. ಮಾಲೀಕ ಪಕ್ಕದಲ್ಲೇ ನಿಂತಿದ್ದಾಗ ತೊಂದರೆ ತಿಳಿಸಲು ಅದು ಬೇಕಾಗುತ್ತದೆ.

ಒಂದು ಎಚ್ಚರಿಕೆ. ಈ ಪುಸ್ತಕ ಹೆಣ್ಣುಮಕ್ಕಳನ್ನು ಕಟ್ಟಿಹಾಕುವ ಹಗ್ಗ ಆಗಬಾರದು. 18 ತುಂಬಿದವಳು ದುಡಿಯಲು ಹೋಗುವುದು ಬಿಡುವುದು ಅವಳ ನಿರ್ಧಾರ. ವಿವರ ಕೊಡುವುದೂ ಅವಳಿಷ್ಟ. ಪುಸ್ತಕ ಒಬ್ಬರ ಕೈಯಲ್ಲಿ, ಬೀಗದೊಳಗೆ ಇರಲಿ. ಕಟ್ಟೆಯ ಮೇಲಿನ ಹರಟೆಗೆ ಅದರ ಒಂದು ಸಾಲೂ ಹೋಗಕೂಡದು.

ದೂರದ ವರ ಬಂದಾಗ

‘ಗುಜ್ಜರ್ ಮದುವೆ’ ಎಂಬ ಮಾತು ನಮ್ಮ ಭಾಗದಲ್ಲಿ ಕೇಳಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ದೂರದ ರಾಜ್ಯದ ವರ, ನಡುವೆ ಒಬ್ಬ ದಲ್ಲಾಳಿ, ವರದಕ್ಷಿಣೆ ಬೇಡ, ಖರ್ಚೆಲ್ಲ ಅವರದೇ, ಮೇಲೆ ತಾಯಿ ಕೈಗೊಂದಿಷ್ಟು ರೊಕ್ಕ. ಎರಡೇ ದಿನದಲ್ಲಿ ಯಾವುದೋ ಗುಡಿಯಲ್ಲಿ ತಾಳಿ. ಬಡ ತಾಯಿಗೆ ಇದು ದೇವರೇ ಕಳಿಸಿದ ಸಂಬಂಧ ಅನ್ನಿಸುತ್ತದೆ. ಆಕೆಯನ್ನು ಬೈಯುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ಪಕ್ಕದಲ್ಲಿ ಕುಳಿತು ಕೇಳಬೇಕು: ವರನ ಮನೆ ನೋಡಿ ಬಂದವರು ಯಾರು? ಅವನ ಕಡೆಯ ಹೆಂಗಸರು ಯಾರಾದರೂ ಬಂದಿದ್ದಾರೆಯೇ? ಮದುವೆ ನೋಂದಣಿ ಮಾಡಿಸುತ್ತಾರೆಯೇ? ಆ ಊರಿನ ಪೊಲೀಸ್ ಠಾಣೆಗೆ ನಮ್ಮ ಠಾಣೆಯಿಂದ ಒಂದು ಫೋನ್ ಮಾಡಿಸಲು ದಲ್ಲಾಳಿ ಒಪ್ಪುತ್ತಾನೆಯೇ? ಹುಡುಗಿಯನ್ನು ಬೇರೆಯಾಗಿ ಕೂರಿಸಿಕೊಂಡು ಅವಳ ಮನಸ್ಸನ್ನೂ ಕೇಳಿ. ಅಂಥ ಮನೆಗಳಲ್ಲಿ ಅವಳನ್ನು ಕೇಳಿದವರೇ ಇರುವುದಿಲ್ಲ.

ಅವಳಿಗೆ 18 ತುಂಬಿಲ್ಲದಿದ್ದರೆ ಮಾತುಕತೆಗೆ ಕೂಡಬೇಡಿ, ನೇರ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ವಯಸ್ಸಿಗೆ ಶಾಲೆಯ ದಾಖಲೆ ನೋಡಿ, ಬಾಯಿಮಾತು ನಂಬಬೇಡಿ.

ಮುಂಗಡದ ಕುಣಿಕೆ

ಮುಂಗಡ ತೀರುವವರೆಗೆ ಬಿಡುವುದಿಲ್ಲ ಎಂದು ಕೆಲಸದ ಜಾಗದಲ್ಲಿ ಹಿಡಿದಿಟ್ಟುಕೊಂಡರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಅಂಥ ಸಾಲವೇ ಮಾಫಿಯಾಗುತ್ತದೆ. ತಹಶೀಲ್ದಾರ್, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ ದೂರು ಕೊಡಿ. ಬಿಡಿಸಿದ ಮೇಲೆ ಬಿಡುಗಡೆ ಪತ್ರ ಕೈಗೆ ಬರುವವರೆಗೆ ಬೆನ್ನು ಬಿಡಬೇಡಿ. ಪುನರ್ವಸತಿಯ ಹಣಕ್ಕೆ ಆ ಪತ್ರವೇ ಬಾಗಿಲು.

ನಿಲ್ದಾಣದಲ್ಲಿ ಸಂಶಯ ಬಂದರೆ

ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ ಒಂದೂವರೆ ಕಿಲೋಮೀಟರ್ ಉದ್ದ. ಅಷ್ಟು ಉದ್ದಕ್ಕೂ ಪೊಲೀಸರ ಕಣ್ಣು ಒಂದೇ ಹೊತ್ತಿಗೆ ಇರಲಾರದು. ಹಮಾಲರು, ಇಡ್ಲಿ ಮಾರುವವರು, ಪ್ರಯಾಣಿಕರು ನೋಡಬೇಕು. ಹೋಗುವ ಊರಿನ ಹೆಸರೇ ಗೊತ್ತಿಲ್ಲದ ಮಗು, ಮಗುವಿನ ಬದಲು ತಾನೇ ಉತ್ತರಿಸುವ ದೊಡ್ಡವರು, ಒಬ್ಬರ ಹಿಂದೆ ಗಪ್‌ಚುಪ್ ಕುಳಿತ ನಾಲ್ಕೈದು ಹುಡುಗರು ಕಂಡರೆ ರೈಲ್ವೆ ಪೊಲೀಸರಿಗೆ ಹೇಳಿ, ಇಲ್ಲವೇ ರೈಲ್ವೆ ಸಹಾಯವಾಣಿ 139, ಮಕ್ಕಳ 1098, ತುರ್ತು ನೆರವಿನ 112ರಲ್ಲಿ ಒಂದಕ್ಕೆ ಕರೆ ಮಾಡಿ. ರೈಲಿನ ನಂಬರ್, ಬೋಗಿ, ಸೀಟು, ಬಟ್ಟೆಯ ಬಣ್ಣ ಇಷ್ಟು ಹೇಳಿದರೆ ಮುಂದಿನ ನಿಲ್ದಾಣದಲ್ಲೂ ಹಿಡಿಯಬಹುದು.

ನೀವೇ ಹೋಗಿ ಕೊರಳಪಟ್ಟಿ ಹಿಡಿಯಬೇಡಿ. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೇಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ಜನ ಬಡಿದರು; ಏನೂ ತಪ್ಪು ಮಾಡದ ಹೈದರಾಬಾದಿನ ಯುವಕನೊಬ್ಬ ಸತ್ತ. ಅಂಥದ್ದು ನಮ್ಮೂರಲ್ಲಿ ಆಗಬಾರದು.

ಮಗು ಕಾಣೆಯಾದರೆ

24 ತಾಸು ಕಾಯಬೇಕು ಎಂಬುದು ಸುಳ್ಳು. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು, ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಿ ತನಿಖೆ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ‘ನಮ್ಮ ಹದ್ದಿಗೆ ಬರುವುದಿಲ್ಲ’ ಎಂದರೆ, ಹದ್ದು ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ಜೀರೊ ಎಫ್‌ಐಆರ್ ಕೇಳಿ. ಆಗಲೂ ಬರೆದುಕೊಳ್ಳದಿದ್ದರೆ ಎಸ್‌ಪಿಗೆ, ಹುಬ್ಬಳ್ಳಿ-ಧಾರವಾಡ ಶಹರದವರು ಪೊಲೀಸ್ ಕಮಿಷನರಿಗೆ ಲಿಖಿತವಾಗಿ ಕೊಡಿ. ತಾಯಿಯನ್ನು ಒಬ್ಬಳೇ ಠಾಣೆಗೆ ಕಳಿಸಬೇಡಿ, ನಾಲ್ವರು ಜೊತೆಗೆ ಹೋಗಿ. ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗುತ್ತದೆ, ಕೇಳಿ ಪಡೆಯಿರಿ. ವಕೀಲರ ನೆರವಿಗೆ ಕಾನೂನು ಸೇವಾ ಪ್ರಾಧಿಕಾರದ 15100 ಇದೆ.

ಮರಳಿ ಬಂದವಳಿಗೆ

ಹುಡುಗಿ ಸಿಕ್ಕಳು ಎಂದು ಊರು ನಿಟ್ಟುಸಿರು ಬಿಡುತ್ತದೆ. ಅವಳ ಕಷ್ಟ ಅಲ್ಲಿಗೇ ಮುಗಿಯುವುದಿಲ್ಲ. ಬಾವಿಕಟ್ಟೆಯ ಪಿಸುಮಾತು, ‘ಏನಾಗಿತ್ತವಾ ಅಲ್ಲಿ?’ ಎಂಬ ಕುತೂಹಲ ತಾಳಲಾರದೆ ಮತ್ತೆ ಅದೇ ದಲ್ಲಾಳಿಯ ಕೈಗೆ ಬೀಳುವವರಿದ್ದಾರೆ. ಏನಾಯಿತು ಎಂದು ಅವಳು ಹೇಳಬೇಕಾದದ್ದು ಪೊಲೀಸರು, ಕೋರ್ಟು, ಮಕ್ಕಳ ಕಲ್ಯಾಣ ಸಮಿತಿ, ಆಪ್ತಸಮಾಲೋಚಕರ ಮುಂದೆ ಮಾತ್ರ. ಪಕ್ಕದ ಮನೆಯವರು ‘ಉಂಡಿ ಏನವಾ?’ ಎಂದು ಕೇಳಿದರೆ ಸಾಕು. ಅವಳ ಹೆಸರು, ಫೋಟೊ, ಶಾಲೆ ಎಲ್ಲೂ ಹೊರಬೀಳದಂತೆ ನೋಡಿಕೊಳ್ಳಿ. ಮಕ್ಕಳ ವಿಷಯದಲ್ಲಿ ಹಾಗೆ ಹೊರಗೆಡಹುವುದು ಕಾನೂನಿನಂತೆಯೂ ಅಪರಾಧ. ದೊಡ್ಡವಳಾದರೆ ಜಿಲ್ಲೆಯ ಸಖಿ ಕೇಂದ್ರದಲ್ಲಿ ಚಿಕಿತ್ಸೆ, ಸಮಾಲೋಚನೆ, ಕಾನೂನು ನೆರವು ಒಂದೇ ಕಡೆ ಸಿಗುತ್ತವೆ; ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಶಾಲೆಗೆ ಹೋಗುವ ವಯಸ್ಸಾಗಿದ್ದರೆ ಹೆಡ್‌ಮಾಸ್ತರೇ ಮನೆಗೆ ಹೋಗಿ ಕರೆತರಲಿ, ಅವಳು ಮೊದಲು ಕೂರುತ್ತಿದ್ದ ಗೆಳತಿಯ ಪಕ್ಕದಲ್ಲೇ ಕೂರಿಸಲಿ.

ಯುಗಾದಿಗೆ ಜನ ಊರಿಗೆ ಮರಳುತ್ತಾರೆ. ಹಬ್ಬದ ಮರುದಿನ ಆ ನೋಟ್‌ಬುಕ್ ತೆಗೆದು, ಬಂದವರ ಹೆಸರಿನ ಮುಂದೆ ಒಂದೊಂದೇ ಗುರುತು ಹಾಕುತ್ತ ಹೋಗಿ. ಗುರುತು ಬೀಳದ ಹೆಸರು ಉಳಿದರೆ ಅಂದೇ ಸಂಜೆ ಆ ಮನೆಗೆ ಹೋಗಿ, ಫೋನ್ ಹಚ್ಚಿಸಿ, ಅವರ ದನಿಯನ್ನು ನೀವೇ ಕಿವಿಯಾರೆ ಕೇಳಿ. ದನಿ ಕೇಳಿಸದಿದ್ದರೆ ಪುಸ್ತಕದಲ್ಲಿ ಬರೆದಿಟ್ಟ ಮೇಸ್ತ್ರಿಯ ಹೆಸರು, ಗಾಡಿ ನಂಬರ್ ತೆಗೆದುಕೊಂಡು ಠಾಣೆಗೆ ನಡೆಯಿರಿ.