ಕಣ್ಣು ಬೇರೆ ಕಡೆ, ಕೈ ಗೊಂಚಲಲ್ಲಿ: ಸ್ವಾರ್ಟ್‌ಲ್ಯಾಂಡ್‌ನಲ್ಲಿ ನನ್ನ ಮೊದಲ ಕೊಯ್ಲು

ನಮ್ಮದು ಚಿಕ್ಕಬಳ್ಳಾಪುರ ಕಡೆಯ ದ್ರಾಕ್ಷಿ ಬೆಳೆಯುವ ಮನೆ. ನಾನು ಚಪ್ಪರದ ಕೆಳಗೇ ಆಡಿ ಬೆಳೆದವಳು. ದಕ್ಷಿಣ ಆಫ್ರಿಕಾದ ಸ್ವಾರ್ಟ್‌ಲ್ಯಾಂಡ್ ಎಂಬ ಸೀಮೆಗೆ ವೈನ್ ದ್ರಾಕ್ಷಿ ಕೊಯ್ಲಿನ ಕೆಲಸಕ್ಕೆ ಹೋದಾಗ ಮೊದಲ ದಿನ ತೋಟ ನೋಡಿ ಬೇಜಾರಾಯಿತು. ಚಪ್ಪರ ಇಲ್ಲ, ತಂತಿ ಇಲ್ಲ, ಹನಿ ನೀರಾವರಿಯೂ ಇಲ್ಲ. ಒಣ ನೆಲದಲ್ಲಿ ಸೊಂಟದೆತ್ತರದ ಮೋಟು ಗಿಡಗಳು. ಹೆಕ್ಟೇರಿಗೆ 3 ಟನ್ ಬಂದರೆ ಖುಷಿ ಅಂದರು. ನಮ್ಮೂರಲ್ಲಾಗಿದ್ದರೆ ಯಾವತ್ತೋ ಕಿತ್ತು ಹಾಕುತ್ತಿದ್ದರು.

ಅಲ್ಲೂ ಕೀಳುತ್ತಿದ್ದರಂತೆ. ರೋಸಾ ಕ್ರೂಗರ್ ಎಂಬ ತೋಟಗಾರಿಕೆ ತಜ್ಞೆ 2002ರಿಂದ ಹಳೇ ತೋಟಗಳನ್ನು ಹುಡುಕಿ ಪಟ್ಟಿ ಮಾಡುತ್ತಾ ಹೋದರು. ಅದೇ ಬೆಳೆದು ಓಲ್ಡ್ ವೈನ್ ಪ್ರಾಜೆಕ್ಟ್ ಆಯಿತು. (ಇಲ್ಲಿ ವೈನ್ ಅಂದರೆ ಬಳ್ಳಿ.) 35 ವರ್ಷ ದಾಟಿದ ಬಳ್ಳಿಯ ಹಣ್ಣಾದರೆ ಬಾಟಲಿಗೆ ಒಂದು ಮುದ್ರೆ, ಅದರ ಮೇಲೆ ಬಳ್ಳಿ ನೆಟ್ಟ ವರ್ಷ. ಎಬೆನ್ ಸೇಡಿಯವರ ಪಲ್ಲೇಡಿಯಸ್, ಆಲ್ಹೈಟ್ ದಂಪತಿಯ ಕಾರ್ಟಾಲಜಿ, ಈ ವೈನ್‌ಗಳಿಗೆ ವಿಮರ್ಶಕರು ಕೊಡುವ ಅಂಕಗಳನ್ನು ಎಲ್ಲರೂ ಹೇಳುತ್ತಾರೆ. ಆ ಅಂಕದ ಹಿಂದೆ ಇರುವುದು ಇಂಥ ಮೋಟು ಗಿಡಗಳೇ, ಅದರಲ್ಲೂ ಜಾಸ್ತಿ ಶೆನಿನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿ ತಳಿ. ಅಲ್ಲಿನ ಹಳಬರು ಅದನ್ನು ಸ್ಟೀನ್ ಅನ್ನುತ್ತಾರೆ.

ನನಗೆ ಕೊಟ್ಟ ಕೆಲಸ ಸ್ಯಾಂಪಲ್ ತರುವುದು. ಫೆಬ್ರವರಿ, ಬೆಳ್ಳಂಬೆಳಗ್ಗೆ. ಸಾಲಿನುದ್ದಕ್ಕೂ ನಡೆದು 200 ಕಾಳು ಬಿಡಿಸಿ, ಚೀಲದಲ್ಲೇ ಹಿಸುಕಿ, ರಸದ ಸಕ್ಕರೆ ಅಳೆಯಬೇಕು. ಅಲ್ಲಿ ಬ್ಯಾಲಿಂಗ್ ಡಿಗ್ರಿಯಲ್ಲಿ ಹೇಳುತ್ತಾರೆ. ನನ್ನ ಚೀಲ 23 ತೋರಿಸಿತು. ಮರುದಿನ ಕೊಯ್ಲು ಮಾಡಿ ಹಿಂಡಿದರೆ ರಸ ಬರೀ 21.5! ಹಣ್ಣು ಇನ್ನೂ ಬಿಸಿಲು ಕಾಯಬೇಕಿತ್ತು. ನನಗೆ ಅವತ್ತು ಊಟ ಸೇರಲಿಲ್ಲ.

ವೈನ್ ಮಾಡುವ ಸೆಲ್ಲರ್‌ನ ಹಿರಿಯರೊಬ್ಬರು ಬೈಯಲಿಲ್ಲ. ಮಾರನೇ ದಿನ ಜೊತೆಗೆ ಬಂದು ನನ್ನ ಕೈಯನ್ನೇ ನೋಡುತ್ತಾ ನಡೆದರು. ಆಮೇಲೆ ಹೇಳಿದರು: ನಿನ್ನ ಕೈ ಒಳ್ಳೆ ಹಣ್ಣಿನ ಕಡೆಗೇ ಹೋಗುತ್ತೆ. ನಿಜ. ಮನೆಯಲ್ಲಿ ವ್ಯಾಪಾರಿ ಬಂದರೆ ತೋರಿಸೋಕೆ ಚಿನ್ನದಂಥ ಗೊಂಚಲು ಹುಡುಕಿ ಅಭ್ಯಾಸ ಅಲ್ವಾ? ಇಲ್ಲೂ ಹಾಗೇ, ಬಿಸಿಲು ಕುಡಿದು ಹಳದಿಗೆ ತಿರುಗಿದ ಕಾಳನ್ನೇ ಕಿತ್ತಿದ್ದೆ.

ಅವತ್ತಿಂದ ಕಣ್ಣನ್ನು ಕಾಸ್ಟೀಲ್‌ಬರ್ಗ್ ಬೆಟ್ಟದ ಕಡೆ ಇಟ್ಟು ಕೀಳತೊಡಗಿದೆ. ಒಂದು ಗಿಡದಲ್ಲಿ ಬಿಸಿಲ ಕಡೆ, ಮುಂದಿನದರಲ್ಲಿ ನೆರಳ ಕಡೆ. ಗೊಂಚಲ ತುದಿಯಿಂದ ಒಂದು, ಭುಜದಿಂದ ಒಂದು, ಹಿಂದುಗಡೆಯಿಂದ ಒಂದು. ಚೀಲಕ್ಕೆ ಹಾಕುವುದರ ಜೊತೆಗೆ ಬಾಯಿಗೂ ಹಾಕಿದೆ. ಸಿಪ್ಪೆ ಅಗಿದರೆ ಒಗರು ಎಷ್ಟಿದೆ, ಬೀಜ ಹಸಿರೋ ಕಂದೋ, ಕಡಿದರೆ ಕಟ್ ಅನ್ನುತ್ತೋ ಇಲ್ಲವೋ. ವಾರದಲ್ಲಿ ನನ್ನ ಚೀಲಕ್ಕೂ ಹಿಂಡಿದ ರಸಕ್ಕೂ ಅರ್ಧ ಡಿಗ್ರಿಗಿಂತ ಕಡಿಮೆ ವ್ಯತ್ಯಾಸ ಬರತೊಡಗಿತು.

ವೈನ್ ಅನ್ನೋದೇ ಇಲ್ಲದ ಮನೆಯಿಂದ ಬಂದು ಇದನ್ನೆಲ್ಲ ಕಲಿಯಬಲ್ಲೆನಾ ಅಂತ ರಾತ್ರಿ ಯೋಚನೆಯಾಗುತ್ತಿತ್ತು. ಆಗ ನೆನಪಾಗುತ್ತಿದ್ದುದು ವೈನ್ ತಯಾರಿಸುವ ನ್ಟ್ಸಿಕಿ ಬಿಯೆಲಾ. ಕ್ವಾಝುಲು-ನಟಾಲ್‌ನ ಹಳ್ಳಿಯವರು. ಸ್ಟೆಲೆನ್‌ಬಾಷ್‌ಗೆ ಓದಲು ಬರುವವರೆಗೂ ವೈನ್ ರುಚಿಯೇ ಗೊತ್ತಿರಲಿಲ್ಲ. ಇವತ್ತು ಸ್ವಂತ ವೈನಿಗೆ ಅಜ್ಜಿಯ ಹೆಸರಿಟ್ಟಿದ್ದಾರೆ, ಅಸ್ಲೀನಾ ಅಂತ.

ಬೇಗ ಕೊಯ್ದ ನನ್ನ ಆ ರಸವನ್ನು ಚೆಲ್ಲಲಿಲ್ಲ. ಹಳೇ ಪೀಪಾಯಿಗೆ ತುಂಬಿ ಬಿಟ್ಟರು, ತಾನಾಗೇ ಹುದುಗಲಿ ಅಂತ ಯೀಸ್ಟ್ ಹಾಕಲಿಲ್ಲ. ನಾಲ್ಕನೇ ದಿನ ಪೀಪಾಯಿಯ ಬಾಯಿಯ ಹತ್ತಿರ ಕಿವಿ ಇಟ್ಟರೆ ಒಳಗೆ ಸಣ್ಣಗೆ ಚಟಪಟ, ಮಂಡಕ್ಕಿ ಮೇಲೆ ನೀರು ಚಿಮುಕಿಸಿದ ಹಾಗೆ. ನಾನು ಊರಿಗೆ ಹೊರಡುವ ಹೊತ್ತಿಗೆ ಅದು ಹುಳಿ ಹುಳಿಯಾಗಿ, ನಿಂಬೆ ಸಿಪ್ಪೆಯ ವಾಸನೆಯಲ್ಲಿ ನಿಂತಿತ್ತು. ತಡವಾಗಿ ಕೊಯ್ದ, ರುಚಿ ಭಾರವಾದ ಪೀಪಾಯಿಗಳ ವೈನ್ ಜೊತೆ ಬೆರೆಸೋಕೆ ಅದು ಬೇಕು ಅಂತ ಅದರ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು.